ಒಂದು ಸಣ್ಣ ಊರಿನ ಚರ್ಚು, ದಿನಚರಿ ಬರೆದ ಹೆಣ್ಣುಮಗಳು

ಮಳೆ ಹಿಡಿದು ನಾಲ್ಕು ದಿನ ಆಯ್ತು, ಗದ್ದೆಗೆ ಇಳಿಯೋ ಹಾಗಿಲ್ಲ. ಅದಕ್ಕೆ ಈ ಸಲ ದೂರದ ಊರಿನ ಒಂದು ಚರ್ಚಿನ ಇತಿಹಾಸ ಬರೀತೀನಿ. ಅದು ನಮಗ್ಯಾಕೆ ಅನ್ನಬೇಡಿ. ನಮ್ಮ ಹಾಗೇ ಗಿಡ, ಹಕ್ಕಿ, ಹವೆ ನೋಡಿ ಬರೆದಿಟ್ಟ ಒಬ್ಬ ಹೆಣ್ಣುಮಗಳು ಇದರಲ್ಲಿ ಬರ್ತಾಳೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಒಟ್ಸೀಗೋ ಅಂತ ಒಂದು ಸರೋವರ ಇದೆ. ಅದರ ದಡದಲ್ಲಿ ವಿಲಿಯಂ ಕೂಪರ್ ಅನ್ನೋ ಜಮೀನು ವ್ಯಾಪಾರಿ 1786ರಲ್ಲಿ ಊರು ಕಟ್ಟಿಸಿದ. ಅದೇ ಕೂಪರ್ಸ್‌ಟೌನ್. ಅದಕ್ಕೂ ಮುಂಚೆ ಅದು ಇರಾಕ್ವಾ ಮೂಲನಿವಾಸಿಗಳ ನೆಲ. ಅವರ ಕೈತಪ್ಪಿದ ಮೇಲೆಯೇ ಈ ಊರು ಎದ್ದಿದ್ದು, ಇದನ್ನ ಮರೆಯಬಾರದು. ಬಂದವರು ಕಾಡು ಕಡಿದು ಹೊಲ ಮಾಡಿದ್ರು. ಮುಂದೆ ಆ ಸೀಮೆ ಬಿಯರಿಗೆ ಹಾಕೋ ಹಾಪ್ಸ್ ಬೆಳೆಗೆ ಹೆಸರಾಯ್ತು.

ಅಲ್ಲಿನ ಕ್ರೈಸ್ಟ್ ಚರ್ಚು ಎಪಿಸ್ಕೋಪಲ್ ಪಂಗಡದ್ದು, ಅಂದ್ರೆ ಬಿಷಪ್‌ಗಳ ಆಡಳಿತದ ಚರ್ಚು. ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ ಕವಲು ಇದು. ಅಮೆರಿಕ ಸ್ವತಂತ್ರ ಆದಾಗ ಇವರಿಗೆ ಪೇಚಿಗೆ ಬಂತು. ಬಿಷಪ್ ಆಗಬೇಕಾದ್ರೆ ಇಂಗ್ಲೆಂಡ್ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು. ಹಂಗಾಗಿ ಸ್ಯಾಮ್ಯುಯೆಲ್ ಸೀಬರಿ ಅನ್ನೋರು 1784ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ಬಿಷಪ್ ಪಟ್ಟ ತಗೊಂಡ್ರು. 1789ರಲ್ಲಿ ಇವರದ್ದೇ ಸಂಘಟನೆ ಗಟ್ಟಿಯಾಯ್ತು. ನಮ್ಮ ಕಡೆಯ ಸಿಎಸ್‌ಐ ಚರ್ಚು 1947ರಲ್ಲಿ ಹಲವು ಪಂಗಡ ಕೂಡಿ ಆದದ್ದು. ಅದರಲ್ಲೂ ಈ ಆಂಗ್ಲಿಕನ್ ಬೇರು ಇದೆ.

ಕೂಪರ್ಸ್‌ಟೌನ್ ಚರ್ಚು ಎದ್ದಿದ್ದು 1810ರ ಆಸುಪಾಸು. ಮೊದಲ ಪಾದ್ರಿ ಡೇನಿಯಲ್ ನ್ಯಾಶ್. ರಸ್ತೆ ಸರಿಯಿಲ್ಲದ ಆ ಸೀಮೆಯಲ್ಲಿ ಹಳ್ಳಿಹಳ್ಳಿ ತಿರುಗಿ ಜನರನ್ನ ಕಂಡವರು. ವಿಲಿಯಂ ಮಗ, ಕಾದಂಬರಿಕಾರ ಜೇಮ್ಸ್ ಫೆನಿಮೋರ್ ಕೂಪರ್, 1840ರ ಹೊತ್ತಿಗೆ ಚರ್ಚನ್ನ ರಿಪೇರಿ ಮಾಡಿಸಿ ಹೊಸ ರೂಪ ಕೊಡಿಸಿದ. 1851ರಲ್ಲಿ ತೀರಿಕೊಂಡಾಗ ಅದರ ಅಂಗಳದಲ್ಲೇ ಮಣ್ಣು ಮಾಡಿದ್ರು.

ಇಲ್ಲಿವರೆಗೆ ದೊಡ್ಡ ಮನೆತನದ ಕಥೆ ಆಯ್ತು. ನನಗೆ ಹಿಡಿಸಿದ್ದು ಅವನ ಮಗಳು ಸೂಸನ್ ಫೆನಿಮೋರ್ ಕೂಪರ್. 1813ರಲ್ಲಿ ಹುಟ್ಟಿದವಳು, ಮದುವೆ ಆಗಲಿಲ್ಲ. ದಿನಾ ಊರ ಸುತ್ತ ನಡೆದಾಡಿ ಕಂಡದ್ದನ್ನ ಬರೆದಿಟ್ಟು, 1850ರಲ್ಲಿ 'ರೂರಲ್ ಅವರ್ಸ್' ಅಂತ ಪುಸ್ತಕ ಮಾಡಿದಳು. ಅದರ ಮೇಲೆ ಅವಳ ಹೆಸರೂ ಇರ್ಲಿಲ್ಲ, 'ಒಬ್ಬ ಮಹಿಳೆ' ಅಂತಷ್ಟೇ. ಯುರೋಪಿನಿಂದ ಬಂದ ಕಳೆ ಹೊಲ ತುಂಬಿದ್ದು, ಕಾಡು ಪಾರಿವಾಳದ ಹಿಂಡು ಕಡಿಮೆ ಆಗಿದ್ದು, ಎಲ್ಲಾ ಅದರಲ್ಲಿದೆ. ಮರದ ಬೆಲೆ ಬರೀ ದುಡ್ಡಿನ ಲೆಕ್ಕ ಅಲ್ಲ, ಉಳಿಸ್ಕೊಳ್ಳಿ ಅಂತ ಆಗಲೇ ಹೇಳಿದ್ದಳು. ಆ ಪಾರಿವಾಳದ ಜಾತಿಯ ಕೊನೇ ಹಕ್ಕಿ 1914ರಲ್ಲಿ ಸತ್ತಿತು.

ಅವಳು ಬರೆದು ಸುಮ್ಮನೆ ಕೂರಲಿಲ್ಲ. ಅಂತರ್ಯುದ್ಧ ಮುಗಿದ ಮೇಲೆ ಊರಿಗೆ ಆಸ್ಪತ್ರೆ ಮಾಡೋಕೆ ಓಡಾಡಿದಳು. 1873ರಲ್ಲಿ ಅನಾಥ ಮಕ್ಕಳಿಗೆ ಮನೆ ಶುರು ಮಾಡಿದಳು, ಮೊದಲಿಗೆ ಐದೇ ಮಕ್ಕಳು. 1883ರಲ್ಲಿ ದೊಡ್ಡ ಕಟ್ಟಡ ಆಯ್ತು, ಮುಂದೆ ತೊಂಬತ್ತರಷ್ಟು ಮಕ್ಕಳು ಅಲ್ಲಿ ಇದ್ರು. ಆ ಚರ್ಚಿನಲ್ಲಿ ಹೆಂಗಸರು ಪಾದ್ರಿ ಆಗಬಹುದು ಅಂತ ಅವರ ಮಹಾಸಭೆ ಒಪ್ಪಿದ್ದು 1976ರಲ್ಲಿ. ಅವಳು 1894ರ ಕೊನೇ ದಿನವೇ ಕಣ್ಣು ಮುಚ್ಚಿದ್ದಳು. ಪೀಠ ಹತ್ತೋಕೆ ಬಿಡದ ಕಾಲದಲ್ಲಿ, ಆ ನಂಬಿಕೆಯ ಅರ್ಥವನ್ನ ಊರಿಗೆ ತೋರಿಸಿದ್ದು ಅವಳ ಕೆಲಸ. ಅವಳ ಸಮಾಧಿಯೂ ಆ ಚರ್ಚಿನ ಅಂಗಳದಲ್ಲೇ ಇದೆ.

ನಮ್ಮ ಊರಲ್ಲೂ ಗುಡಿ, ಮಸೀದಿ, ಚರ್ಚು ಇವೆ. ಕಟ್ಟಿಸಿದ ಗೌಡರ, ದಾನಿಗಳ ಹೆಸರು ಕಲ್ಲಿನ ಮೇಲೆ ಇರುತ್ತೆ. ಬಾಣಂತಿಗೆ ಗಂಜಿ ಕಾಯಿಸಿದವರು, ತಬ್ಬಲಿ ಮಗುವನ್ನ ಸಾಕಿದವರು ಯಾವ ಕಲ್ಲಿನಲ್ಲೂ ಇರಲ್ಲ. ನಮ್ಮ ಅಜ್ಜಿಯರು ಇರುವಾಗಲೇ ಅಂಥವರ ಹೆಸರು ಕೇಳಿ ಬರೆದಿಡಿ. ನಾನೂ ನನ್ನ ಮಳೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ನಿನ್ನೆ ಶುರು ಮಾಡಿದೆ. ಸದ್ಯಕ್ಕೆ ಮೂರು ಹೆಸರು ಸಿಕ್ಕಿವೆ.