ಬಿಡದೆ ಹಿಡಿವ ತುಕ್ಕು: ವೇಗವರ್ಧಕವನ್ನು ಹೊತ್ತ ಲೋಹದ ರೇಕಿನ ಬಾಳಿಕೆಯ ಚರಿತ್ರೆ

ಕಾರವಾರದ ಬೈತಖೋಲದಿಂದ ಅಂಕೋಲೆಯ ಬೇಲೆಕೇರಿಯವರೆಗಿನ ಕಡಲಂಚಿನಲ್ಲಿ ಮನೆಮಾಡಿಕೊಂಡಿರುವವರಿಗೆ ತುಕ್ಕಿನ ಸ್ವಭಾವವನ್ನು ಕುರಿತು ಹೊರಗಿನವರು ಹೇಳಿಕೊಡಬೇಕಾದುದು ಏನೂ ಇಲ್ಲ. ಮೃಗಶಿರೆಯಲ್ಲಿ ಹಿಡಿದ ಮಳೆ ಹಸ್ತ ಚಿತ್ತೆಗಳವರೆಗೂ ಕೈಬಿಡದ ಆ ಸೀಮೆಯಲ್ಲಿ ಕಿಟಕಿಯ ಸರಳಾಗಲಿ, ಬಾವಿಯ ಗಡಗಡೆಯಾಗಲಿ, ದೋಣಿಯ ಮೊಳೆಯಾಗಲಿ ಉಪ್ಪುಗಾಳಿಯ ಸ್ಪರ್ಶಮಾತ್ರದಿಂದ ಕೆಂಪೇರಿ, ಹಕ್ಕಳೆ ಹಕ್ಕಳೆಯಾಗಿ ಎದ್ದು, ಉದುರಿದ ಪ್ರತಿಯೊಂದು ಹಕ್ಕಳೆಯ ಕೆಳಗೆ ಹೊಸ ಕಬ್ಬಿಣವನ್ನು ಗಾಳಿಗೆ ಒಪ್ಪಿಸುತ್ತಾ ಹೋಗುವುದನ್ನು ಅವರು ನಿತ್ಯವೂ ಕಾಣುತ್ತಾರೆ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಅಂಕೋಲೆಯ ಜನ ಕಾಯಿದೆ ಮುರಿದು ಕೈಗೆತ್ತಿಕೊಂಡ ಉಪ್ಪು ನಾಡಿಗೆ ಮಾನವನ್ನು ತಂದಿತು. ಕಬ್ಬಿಣಕ್ಕೆ ಮಾತ್ರ ಅದು ಎಂದೂ ಮಿತ್ರನಾದುದಿಲ್ಲ. ಬಳ್ಳಾರಿಯ ಗಣಿಗಳಿಂದ ಹೊರಟು, ಅರಬೈಲ್ ಘಟ್ಟವನ್ನಿಳಿದು, 2010ರ ಜುಲೈನಲ್ಲಿ ರಾಜ್ಯಸರ್ಕಾರವು ಅದಿರಿನ ರಫ್ತನ್ನು ನಿಷೇಧಿಸುವವರೆಗೆ ಬೇಲೆಕೇರಿಗೆ ಸಾಲುಗಟ್ಟಿ ಬರುತ್ತಿದ್ದ ಲಾರಿಗಳು ದಾರಿಯ ಇಕ್ಕೆಲದ ಎಲೆಗಳಿಗೆ ಬಳಿದುಹೋಗುತ್ತಿದ್ದ ಕೆಂಧೂಳಿಯೂ ತತ್ತ್ವತಃ ತುಕ್ಕೇ, ಎಂದರೆ ಕಬ್ಬಿಣವೂ ಆಮ್ಲಜನಕವೂ ಕೂಡಿದ ಸಂಯುಕ್ತವೇ.

ಆದರೆ ಲೋಹವನ್ನು ತಿನ್ನದೆ ಕಾಯತಕ್ಕ ಇನ್ನೊಂದು ಜಾತಿಯ ತುಕ್ಕು ಉಂಟು. ಕೂದಲೆಳೆಗಿಂತ ತೆಳುವಾದ ಉಕ್ಕಿನ ರೇಕೊಂದು ಕೆಂಡದ ಬಿಸಿಯಲ್ಲಿ ವರ್ಷಗಟ್ಟಲೆ ಬಾಳುವುದು ಲೋಹದ ಬಲದಿಂದಲ್ಲ, ತನ್ನ ಮೈಮೇಲೆ ತಾನೇ ಬೆಳೆಸಿಕೊಂಡ ಈ ತುಕ್ಕಿನ ಬಲದಿಂದ. ಮೋಟಾರು ವಾಹನಗಳ ಹೊಗೆಯನ್ನು ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಲೋಹದ ಆಧಾರದ ಚರಿತ್ರೆಯೆಂದರೆ, ಉದುರುವ ತುಕ್ಕಿನ ಬದಲು ಅಂಟಿ ನಿಲ್ಲುವ ತುಕ್ಕನ್ನು ಪಡೆಯುವುದು ಹೇಗೆಂಬ ಒಂದೇ ಪ್ರಶ್ನೆಯ ಚರಿತ್ರೆಯೆಂದು ನಾನು ಬಗೆಯುತ್ತೇನೆ.

ಯಂತ್ರದ ಪರಿಚಯವನ್ನು ಸಂಕ್ಷೇಪವಾಗಿ ಹೇಳಬಹುದು. ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂಗಳ ಅತಿಸೂಕ್ಷ್ಮ ಕಣಗಳು ವೇಗವರ್ಧಕಗಳಾಗಿ ಹೊಗೆಯಲ್ಲಿನ ಇಂಗಾಲದ ಮಾನಾಕ್ಸೈಡು, ಉರಿಯದೆ ಉಳಿದ ಇಂಧನ, ಸಾರಜನಕದ ಆಕ್ಸೈಡುಗಳು ಇವನ್ನು ನಿರಪಾಯಕರವಾದ ಅನಿಲಗಳಾಗಿ ಮಾರ್ಪಡಿಸುತ್ತವೆ. ಆ ಕಣಗಳಿಗೆ ಕುಳಿತುಕೊಳ್ಳಲು ವಿಶಾಲವಾದ ನೆಲೆ ಬೇಕು. ಜೇನುಗೂಡಿನಂತೆ ಒಂದು ಚದರಂಗುಲಕ್ಕೆ ಸುಮಾರು 400 ಕಂಡಿಗಳುಳ್ಳ ಆಧಾರವೇ ಆ ನೆಲೆ. ಅಮೆರಿಕದಲ್ಲಿ 1975ರ ಮಾದರಿಯ ಕಾರುಗಳಿಗೆ ಈ ಉಪಕರಣವು ಸೇರಿದಾಗ ಕಾರ್ನಿಂಗ್ ಸಂಸ್ಥೆಯ ವಿಜ್ಞಾನಿಗಳು ಕಾರ್ಡಿಯರೈಟ್ ಎಂಬ ಪಿಂಗಾಣಿಯಿಂದ ಅಂತಹ ಗೂಡನ್ನು ನಿರ್ಮಿಸಿದ್ದರು. ಕಾಯ್ದರೂ ಹಿಗ್ಗದಿರುವುದು ಅದರ ದೊಡ್ಡ ಗುಣ, ಒಡೆಯುವುದು ಅದರ ದೋಷ. ಲೋಹದ ರೇಕಾದರೋ ಬೇಗನೆ ಕಾಯುತ್ತದೆ, ಕುಲುಕಾಟವನ್ನು ಸಹಿಸುತ್ತದೆ, ಗೋಡೆ ತೆಳುವಾದುದರಿಂದ ಹೊಗೆಯ ಹರಿವಿಗೆ ಅಡ್ಡಿಯನ್ನೂ ಕಡಮೆ ಒಡ್ಡುತ್ತದೆ. ಆದರೆ ಕಾದ ಕಬ್ಬಿಣದ ರೇಕು ಗಾಳಿಯಲ್ಲಿ ಎಷ್ಟು ಹೊತ್ತು ಉಳಿದೀತು?

ಇದಕ್ಕೆ ಉತ್ತರವು ಮೋಟಾರಿನ ಜಗತ್ತಿನಿಂದ ಬಂದುದಲ್ಲ. ಸ್ವೀಡನ್ನಿನ ಹಾಲ್‌ಸ್ಟಹಾಮರ್ ಎಂಬ ಊರಿನಲ್ಲಿ ಹಾನ್ಸ್ ಫಾನ್ ಕಾಂಟ್ಸೋ ಎಂಬಾತನು 1920ರ ದಶಕದಲ್ಲಿ ವಿದ್ಯುತ್ ಒಲೆಯ ತಂತಿಗಾಗಿ ಕಬ್ಬಿಣ, ಕ್ರೋಮಿಯಂ, ಅಲ್ಯುಮಿನಿಯಂಗಳ ಮಿಶ್ರಲೋಹವನ್ನು ಸಾಧಿಸಿ, ತನ್ನ ಹೆಸರನ್ನೂ ಊರಿನ ಹೆಸರನ್ನೂ ಬೆಸೆದು ಅದಕ್ಕೆ ಕಾಂಥಾಲ್ ಎಂದು ಹೆಸರಿಟ್ಟನು. ಈ ಮಿಶ್ರಣದಲ್ಲಿ ನೂರಕ್ಕೆ ಐದರಷ್ಟೇ ಇರುವ ಅಲ್ಯುಮಿನಿಯಂ, ಲೋಹವು ಕಾದಾಗ ಮೇಲ್ಮೈಗೆ ಸರಿದುಬಂದು ಆಮ್ಲಜನಕದೊಡನೆ ಕೂಡಿ, ಅಲ್ಯುಮಿನ ಎಂಬ ಬಿಗಿಯಾದ ಪೊರೆಯಾಗಿ ಹರಡಿಕೊಳ್ಳುತ್ತದೆ. ಮಾಣಿಕ್ಯ ನೀಲಗಳು ಯಾವ ವಸ್ತುವೋ ಇದೂ ಅದೇ ವಸ್ತು. ಪೊರೆಯು ಉಂಟಾದಮೇಲೆ ಅದನ್ನು ದಾಟಿ ಒಳಹೋಗುವುದು ಆಮ್ಲಜನಕಕ್ಕೆ ಬಹು ಕಷ್ಟ.

ಆದರೂ ಒಲೆ ಆರಿದಾಗಲೆಲ್ಲ ಪೊರೆ ಸಿಡಿದು ಉದುರುತ್ತಿದ್ದಿತು. ತಣಿಯುವಾಗ ಉಕ್ಕು ಅಲ್ಯುಮಿನಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚಾಗಿ ಕುಗ್ಗುವುದರಿಂದ, ಮೇಲಿನ ಪೊರೆಯು ಇಕ್ಕಟ್ಟಿಗೆ ಸಿಕ್ಕಿ ಉಬ್ಬಿ ಏಳುವುದು ಅನಿವಾರ್ಯವಷ್ಟೆ. 1937ರಲ್ಲಿ ಇಂಗ್ಲೆಂಡಿನ ಎಲ್. ಬಿ. ಫೈಲ್ ಮೊದಲಾದವರು ನಿಕ್ಕಲ್ ಕ್ರೋಮಿಯಂ ತಂತಿಗಳಲ್ಲಿ ವಿರಳ ಮೃತ್ತಿಕಾ ಧಾತುಗಳನ್ನು ಚಿಟಿಕೆಯಷ್ಟು ಬೆರೆಸಿದರೆ ಪೊರೆ ಕಚ್ಚಿಕೊಂಡು ನಿಲ್ಲುವುದೆಂದು ತೋರಿಸಿದರು. ಹಾಗೇಕೆಂಬುದು ಬಗೆಹರಿಯಲು ಅರ್ಧಶತಮಾನ ಹಿಡಿಯಿತು. ಉಕ್ಕಿನಲ್ಲಿ ಲೇಶಮಾತ್ರವಾಗಿ ಉಳಿದ ಗಂಧಕವು ಪೊರೆಗೂ ಲೋಹಕ್ಕೂ ನಡುವಣ ಸಂಧಿಗೆ ನುಸುಳಿ ಅಂಟನ್ನು ಸಡಿಲಿಸುವುದೆಂದೂ, ಇಟ್ರಿಯಂ, ಸೀರಿಯಂ, ಲ್ಯಾಂಥನಂಗಳೆಂಬ ವಿರಳ ಮೃತ್ತಿಕಾ ಧಾತುಗಳು ಆ ಗಂಧಕವನ್ನು ಒಳಗೇ ಕಟ್ಟಿಹಾಕುವುವೆಂದೂ 1980ರ ದಶಕದಲ್ಲಿ ಸ್ಪಷ್ಟವಾಯಿತು. ಮನೆಯ ಗೋಡೆಗೆ ಗಾರೆ ಬಳಿಯುವ ಮುನ್ನ ಇಟ್ಟಿಗೆಯ ಧೂಳನ್ನು ತೊಳೆಯುವ ಗೌಂಡಿಗೆ ಈ ತತ್ತ್ವವು ಹೊಸದೆನಿಸಲಾರದು.

ಮುಂದಿನ ತಿರುವು ಬಂದುದು ಪರಮಾಣು ವಿಜ್ಞಾನದಿಂದ. 1960ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು ರಿಯಾಕ್ಟರಿನ ಇಂಧನಕ್ಕೆ ಹೊದಿಕೆಯಾಗಲೆಂದು ಇಟ್ರಿಯಂ ಬೆರೆತ ಇದೇ ಮಿಶ್ರಲೋಹವನ್ನು ಪರೀಕ್ಷಿಸಿತು. ಇಂಗ್ಲೆಂಡಿನ ಪರಮಾಣು ಪ್ರಾಧಿಕಾರವು ಹಾರ್ವೆಲ್ಲಿನಲ್ಲಿ ಫೆಕ್ರಲಾಯ್ ಎಂಬ ಉಕ್ಕನ್ನು ರೂಪಿಸಿತು. ಅದನ್ನು ರೇಕಾಗಿ ಲಟ್ಟಿಸಿ ವೇಗವರ್ಧಕಕ್ಕೆ ಆಧಾರವಾಗಿಸಬಹುದೆಂಬುದನ್ನು ಜಾನ್ಸನ್ ಮ್ಯಾಥಿ ಸಂಸ್ಥೆಯ ಪ್ರ್ಯಾಟ್, ಹಾರ್ವೆಲ್ಲಿನ ಕೆಯರ್ನ್ಸ್ ಎಂಬಿಬ್ಬರು 1977ರಲ್ಲಿ ಪ್ರಕಟಿಸಿದರು. ಹೀಗೆ ಅಣುಸ್ಥಾವರಕ್ಕಾಗಿ ಹುಟ್ಟಿದ ಲೋಹ ಸೈಲೆನ್ಸರನ್ನು ಸೇರಿತು.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಓದುಗರು ನನ್ನೊಡನೆ ಮಾಡಬೇಕು. 50 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು ದಪ್ಪದ ಒಂದು ಚದರ ಮೀಟರ್ ರೇಕು ಸುಮಾರು 360 ಗ್ರಾಂ ತೂಗುವುದು. ಅದರಲ್ಲಿ ಅಲ್ಯುಮಿನಿಯಂ 18 ಗ್ರಾಂ. ಇಷ್ಟೂ ಪೊರೆಯಾಗಿ ಖರ್ಚಾದರೂ ಎರಡು ಮೈಗಳ ಮೇಲೆ ತಲಾ ನಾಲ್ಕು ಮೈಕ್ರಾನಿಗೆ ಸ್ವಲ್ಪ ಮೀರಿದ ದಪ್ಪವಷ್ಟೇ ದೊರೆಯುವುದು. ರೇಕನ್ನು 30 ಮೈಕ್ರಾನಿಗೆ ಇಳಿಸಿದರೆ ಈ ಮಿತಿ 2.6, ಇಪ್ಪತ್ತಕ್ಕೆ ಇಳಿಸಿದರೆ 1.7. ಪೊರೆಯು ಬೆಳೆಯುತ್ತಲೇ ಇರುತ್ತದೆ, ಕಣಜ ಬರಿದಾಗುತ್ತಲೇ ಇರುತ್ತದೆ; ಅಲ್ಯುಮಿನಿಯಂ ಮುಗಿದ ದಿನ ಮೊದಲು ಕ್ರೋಮಿಯಂ, ಬಳಿಕ ಕಬ್ಬಿಣ ಉರಿಯತೊಡಗಿ, ವರ್ಷಗಟ್ಟಲೆ ಬಾಳಿದ ರೇಕು ಸ್ವಲ್ಪ ಕಾಲದಲ್ಲೇ ನಮ್ಮ ಕಡಲಂಚಿನ ಕೆಂಪು ತುಕ್ಕಾಗಿ ಪುಡಿಯಾಗುವುದು. ಪೊರೆಯ ದಪ್ಪವು ಕಾಲದ ವರ್ಗಮೂಲದಂತೆ ಬೆಳೆಯುವುದೆಂದು ಹಿಡಿದರೆ, ರೇಕಿನ ದಪ್ಪ ಅರ್ಧವಾದಾಗ ಆಯುಸ್ಸು ಕಾಲುಭಾಗಕ್ಕೆ ಇಳಿಯುವುದು. ತೆಳುವಾದಷ್ಟೂ ಬೇಗ ಕಾಯ್ದು ಬೇಗ ಕೆಲಸಕ್ಕೆ ತೊಡಗುವುದೆಂದು ಒಂದು ಕಡೆ ಎಂಜಿನಿಯರನ ಆಸೆ, ತೆಳುವಾದಷ್ಟೂ ಕಣಜ ಕಿರಿದೆಂದು ಇನ್ನೊಂದು ಕಡೆ ಲೋಹದ ಲೆಕ್ಕ. ಅಲ್ಯುಮಿನಿಯಮ್ಮನ್ನೇ ಹೆಚ್ಚಿಸಬಾರದೆ ಎಂದರೆ, ಹೆಚ್ಚಿದ ಉಕ್ಕು ಪೆಡಸಾಗಿ ಲಟ್ಟಿಸುವಾಗಲೇ ಬಿರಿಯುತ್ತದೆ. ಅದಕ್ಕಾಗಿಯೇ ಮೊದಲು ಮಿದು ಉಕ್ಕನ್ನು ಲಟ್ಟಿಸಿ, ಅನಂತರ ಅಲ್ಯುಮಿನಿಯಮ್ಮಿನ ಪದರವನ್ನು ಅದಕ್ಕೆ ಹೊಂದಿಸಿ, ಕಾಯಿಸಿ ಒಳಕ್ಕೆ ಇಂಗಿಸುವ ಉಪಾಯವನ್ನು ಕಂಡುಹಿಡಿದರು. ಈ ಉಪಾಯದ ಜಾಣ್ಮೆಯು ನನಗೆ ಪ್ಲಾಟಿನಮ್ಮಿನ ಚಮತ್ಕಾರಕ್ಕಿಂತ ಹೆಚ್ಚು ಮೆಚ್ಚಿಕೆಯಾಗುತ್ತದೆ.

ಪೊರೆಯಿಂದ ಇನ್ನೊಂದು ಉಪಕಾರವೂ ಉಂಟು. ಸುಮಾರು 900 ಡಿಗ್ರಿ ಸೆಲ್ಸಿಯಸಿನಲ್ಲಿ ತಕ್ಕ ರೀತಿಯಲ್ಲಿ ಕಾಯಿಸಿದರೆ ಅಲ್ಯುಮಿನವು ಸಮತಲವಾಗಿರದೆ ಮೀಸೆಯಂತೆ ಸಣ್ಣ ಸಣ್ಣ ಎಳೆಗಳಾಗಿ ಏಳುವುದು; ಪ್ಲಾಟಿನಂ ಹೊತ್ತ ಲೇಪವು ಆ ಎಳೆಗಳ ನಡುವೆ ಸಿಕ್ಕಿ ಭದ್ರವಾಗುವುದು.

ರೇಕು ಉಳಿದರೂ ಗೂಡು ಉಳಿಯಬೇಕಲ್ಲ. ಸಪಾಟಾದ ಒಂದು ರೇಕು, ನಿರಿಗೆ ಹಿಡಿದ ಒಂದು ರೇಕು ಇವೆರಡನ್ನು ಜೋಡಿಸಿ ಚಾಪೆಯಂತೆ ಸುರುಳಿ ಸುತ್ತಿದ ಮೊದಮೊದಲಿನ ಗೂಡುಗಳ ನಡುಭಾಗ, ಹೊಗೆಯ ಒತ್ತಡಕ್ಕೂ ಕುಲುಕಾಟಕ್ಕೂ ದುರ್ಬೀನಿನ ಕೊಳವೆಯಂತೆ ಹೊರಕ್ಕೆ ಜಾರಿಬರುತ್ತಿದ್ದಿತು. 1986ರಲ್ಲಿ ಜರ್ಮನಿಯ ಲೋಮಾರಿನಲ್ಲಿ ಸ್ಥಾಪಿತವಾದ ಎಮಿಟೆಕ್ ಸಂಸ್ಥೆಯು ರೇಕುಗಳ ಕಂತೆಯನ್ನು ಹಾವಿನ ಸುತ್ತಿನಂತೆ ಎರಡು ಕಡೆಗೆ ಬಾಗಿಸಿ, ಪ್ರತಿಯೊಂದು ರೇಕಿನ ತುದಿಯನ್ನೂ ಹೊರಗವಚಕ್ಕೆ ನಿಕ್ಕಲ್ ಬೆಸುಗೆಯಿಂದ ನಿರ್ವಾತದಲ್ಲಿ ಬೆಸೆದು, ಈ ದೋಷವನ್ನು ಪರಿಹರಿಸಿತು.

ಭಾರತದಲ್ಲಿ 1995ರ ಏಪ್ರಿಲ್ 1ರಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಈ ಉಪಕರಣವು ಕಡ್ಡಾಯವಾಯಿತು. ಸೀಸವಿಲ್ಲದ ಪೆಟ್ರೋಲು ದೇಶದಾದ್ಯಂತ ಬಂದುದು 2000ದ ಫೆಬ್ರವರಿಯಲ್ಲಿ. ಸೀಸವು ಪ್ಲಾಟಿನಮ್ಮಿಗೆ ವಿಷವಾದುದರಿಂದ ಅದಕ್ಕೆ ಮುಂಚೆ ಅಂಕೋಲೆಯ ಪೆಟ್ರೋಲ್ ಬಂಕಿಗೆ ಇಂತಹ ಕಾರು ಬಂದರೂ ಅದಕ್ಕೆ ತಕ್ಕ ಆಹಾರ ದೊರೆಯುವ ಖಾತರಿ ಇರಲಿಲ್ಲ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ ಆರು ಜಾರಿಗೆ ಬಂದಮೇಲೆ, ಮೋಟಾರ್ ಸೈಕಲ್ಲಿನ ಕಿರಿದಾದ ಕೊಳವೆಯಲ್ಲಿ, ಅದರ ನಿರಂತರವಾದ ನಡುಕದ ನಡುವೆ, ಲೋಹದ ಗೂಡಿಗೇ ಹೆಚ್ಚಿನ ಸ್ಥಾನ ದೊರೆತಿದೆ.

ಕರಾವಳಿಯ ವಾಚಕರು ಇಷ್ಟನ್ನು ಓದಿ, ನಮ್ಮ ಉಪ್ಪುಗಾಳಿಯೇ ಈ ರೇಕಿನ ಪರಮಶತ್ರುವಾಗಿರಬೇಕೆಂದು ಊಹಿಸುವುದು ಸಹಜ. ಆ ಊಹೆ ಬಹುಮಟ್ಟಿಗೆ ತಪ್ಪು. ಉಪ್ಪುಗಾಳಿ ಪೀಡಿಸುವುದು ಹೊರಗಿನ ಕೊಳವೆಯನ್ನೂ ಕವಚವನ್ನೂ. ಒಳಗಿನ ರೇಕನ್ನು ಕೊಲ್ಲುವುದು ಬಿಸಿ, ಅದಕ್ಕಿಂತಲೂ ಬಿಸಿ ತಂಪುಗಳ ಪುನರಾವೃತ್ತಿ. ಅರಬೈಲ್ ಘಟ್ಟವನ್ನು ಇಬ್ಬರ ಭಾರದೊಡನೆ ಏರುವ ಬೈಕಿನ ಸ್ಪಾರ್ಕ್ ಪ್ಲಗ್ಗು ಆಗಾಗ ತಪ್ಪಿದರೆ, ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲು ಗೂಡಿನಲ್ಲೇ ಉರಿದು, ಬಿಸಿಯು 1000 ಡಿಗ್ರಿಯನ್ನು ದಾಟಬಹುದು. ಒಂದು ಕೆಟ್ಟ ಪ್ಲಗ್ಗು ಮಾಡುವ ಹಾನಿಯನ್ನು ಹತ್ತು ಮಳೆಗಾಲಗಳ ಕಡಲಗಾಳಿ ಮಾಡಲಾರದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಇದೇ ವಿಷಯದಲ್ಲಿ ಬೇರೊಂದು ದಾರಿಯನ್ನು ಹಿಡಿಯಿತು. ಅಲ್ಯುಮಿನಿಯಂ ನೈಟ್ರೇಟನ್ನು ಯೂರಿಯದೊಡನೆ ಕೂಡಿಸಿ 500 ಡಿಗ್ರಿಯ ಕುಲುಮೆಯಲ್ಲಿಟ್ಟರೆ ಅದು ತಾನೇ ಹೊತ್ತಿಕೊಂಡು ಕೆಲವೇ ನಿಮಿಷಗಳಲ್ಲಿ ಶುದ್ಧ ಅಲ್ಯುಮಿನದ ಬುರುಗಾಗುವುದೆಂದು ಕೆ. ಸಿ. ಪಾಟೀಲರೂ ಅವರ ಸಹಚರರೂ 1988ರಲ್ಲಿ ತೋರಿಸಿದರು. ಈ ದಹನವಿಧಾನವನ್ನೇ ಮುಂದುವರಿಸಿ ಎಂ. ಎಸ್. ಹೆಗಡೆಯವರ ತಂಡವು ಪಲ್ಲೇಡಿಯಮ್ಮನ್ನು ಸೀರಿಯಂ ಆಕ್ಸೈಡಿನ ಸ್ಫಟಿಕದೊಳಕ್ಕೇ ಸೇರಿಸಿ, ಆ ಲೇಪವನ್ನು ಜೇನುಗೂಡಿನ ಮೈಮೇಲೆ ಒಂದೇ ಹಂತದಲ್ಲಿ ಬೆಳೆಸಿತು. ಅವರ ಗೂಡು ಪಿಂಗಾಣಿಯದು, ರೇಕಿನದಲ್ಲ. ಆದರೂ ಅಂಟಿ ನಿಲ್ಲುವ ಪದರದ ಚಿಂತೆ ಎರಡಕ್ಕೂ ಸಮಾನ.

ಕಾರವಾರ ತಾಲ್ಲೂಕಿನಲ್ಲೇ, ಕದ್ರಾ ಜಲಾಶಯದ ಬಳಿಯ ಕೈಗಾ ಅಣುಸ್ಥಾವರದಲ್ಲಿ, ತುಕ್ಕನ್ನು ಬೇಕೆಂದೇ ಬೆಳೆಸುವ ಕೆಲಸ ನಡೆಯುತ್ತದೆಂಬುದು ಆ ಸೀಮೆಯವರಿಗೂ ಅಷ್ಟಾಗಿ ತಿಳಿದಿರಲಾರದು. ಅಲ್ಲಿರುವಂತಹ ಭಾರಜಲದ ರಿಯಾಕ್ಟರನ್ನು ಚಾಲನೆಗೆ ತರುವ ಮುನ್ನ, ಅದರ ಉಕ್ಕಿನ ಕೊಳವೆಗಳಲ್ಲಿ ಲಿಥಿಯಂ ಕ್ಷಾರ ಬೆರೆತ ಬಿಸಿನೀರನ್ನು ಹಲವು ದಿನ ಹರಿಸಿ, ಒಳಮೈಗೆ ಮ್ಯಾಗ್ನೆಟೈಟ್ ಎಂಬ ಕಪ್ಪು ತುಕ್ಕಿನ ತೆಳುಪೊರೆಯನ್ನು ಕೂರಿಸುತ್ತಾರೆ. 2000ದ ನವೆಂಬರಿನಲ್ಲಿ ವಾಣಿಜ್ಯೋತ್ಪಾದನೆಗೆ ತೊಡಗಿದ ಅಲ್ಲಿಯ ಒಂದನೆಯ ಘಟಕವು 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಜಗತ್ತಿನಲ್ಲೇ ಅಂದಿನ ದಾಖಲೆ ಸ್ಥಾಪಿಸಿತು.

ಅದೇ 2018ರಲ್ಲಿ, ಅಮೆರಿಕದ ಜಾರ್ಜಿಯದ ಹ್ಯಾಚ್ ಸ್ಥಾವರದಲ್ಲಿ, ಕಬ್ಬಿಣ ಕ್ರೋಮಿಯಂ ಅಲ್ಯುಮಿನಿಯಮ್ಮಿನ ದಂಡಗಳನ್ನು ಪರೀಕ್ಷಾರ್ಥವಾಗಿ ರಿಯಾಕ್ಟರಿನೊಳಗೆ ಇಳಿಸಿದರು. 2011ರಲ್ಲಿ ಫುಕುಶಿಮಾದಲ್ಲಿ ಜಿರ್ಕೋನಿಯಮ್ಮಿನ ಹೊದಿಕೆಯು ಹಬೆಯೊಡನೆ ಸೇರಿ ಹೊರಡಿಸಿದ ಜಲಜನಕ ಸ್ಫೋಟಿಸಿದ ಮೇಲೆ, ಹಬೆಯಲ್ಲಿಯೂ ಪೊರೆ ಕಟ್ಟುವ ಲೋಹಕ್ಕಾಗಿ ಹುಡುಕಿದವರು, ಅರ್ಧಶತಮಾನದ ಹಿಂದೆ ಬದಿಗಿಟ್ಟು ಮೋಟಾರಿನವರಿಗೆ ಬಿಟ್ಟುಕೊಟ್ಟಿದ್ದ ಮಿಶ್ರಲೋಹವನ್ನೇ ಮರಳಿ ಕೈಗೆತ್ತಿಕೊಂಡರು. ಆದರೆ ಕಬ್ಬಿಣವು ಜಿರ್ಕೋನಿಯಮ್ಮಿಗಿಂತ ಹತ್ತು ಪಟ್ಟಿಗೂ ಹೆಚ್ಚಾಗಿ ನ್ಯೂಟ್ರಾನುಗಳನ್ನು ನುಂಗುವುದು. ಸಮೃದ್ಧಗೊಳಿಸಿದ ಯುರೇನಿಯಮ್ಮಿನ ಸ್ಥಾವರಗಳು ಆ ನಷ್ಟವನ್ನು ಹೇಗೋ ತುಂಬಿಕೊಂಡಾವು, ಸಹಜ ಯುರೇನಿಯಮ್ಮಿನಿಂದಲೇ ನಡೆಯುವ ಕೈಗಾದ ಮಿತವ್ಯಯಕ್ಕೆ ಅದು ನಿಲುಕುವಂತಹುದಲ್ಲ. ಆದುದರಿಂದ ಕೈಗಾದ ಗರ್ಭದಲ್ಲಿ ಜಿರ್ಕೋನಿಯಮ್ಮೇ ಉಳಿದಿದೆ. ಅಣುಸ್ಥಾವರಕ್ಕೆಂದು ಹುಟ್ಟಿದ ಆ ಇನ್ನೊಂದು ಲೋಹವು ಪಾಳಿ ಮುಗಿಸಿ ಕಾರವಾರದ ಕಡೆಗೆ ಹೊರಟ ನೌಕರರ ಬೈಕುಗಳ ಸೈಲೆನ್ಸರಿನಲ್ಲಿ, ಬೂದಿಬಣ್ಣದ ಪೊರೆಯನ್ನು ಹೊದ್ದು, ಕಾಳಿಯ ದಡದ ರಸ್ತೆಯಲ್ಲಿ ಸಾಗುತ್ತಿರುತ್ತದೆ.