ಮರದ ಮೇಲಿನ ಮುದ್ರೆ

ಮರಕ್ಕೆ ಮುದ್ರೆಯೊತ್ತುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ದಿಮ್ಮಿಯ ತುದಿಗೆ ಅರಣ್ಯ ಇಲಾಖೆಯವರು ಸುತ್ತಿಗೆಯಿಂದ ಒತ್ತುವ ಗುರುತನ್ನು ಮರದ ಡಿಪೋ ಕಂಡವರೆಲ್ಲ ಬಲ್ಲರು. ಮರ ಯಾರದು, ಸರ್ಕಾರದ ಪಾಲು ಸಂದಿದೆಯೆ ಎಂಬುದಷ್ಟೇ ಆ ಮುದ್ರೆಯ ಮಾತು. ಮರ ಬೆಳೆದ ನೆಲವೇನಾಯಿತು, ಸುತ್ತಲಿನ ಜನರೇನಾದರು ಎಂಬುದನ್ನು ಅದು ಹೇಳದು.

ಆ ಪ್ರಶ್ನೆಯನ್ನು ಕೇಳುವ ಹೊಸ ಮುದ್ರೆಯೊಂದು ಕಳೆದ ಶತಮಾನದ ಕೊನೆಯಲ್ಲಿ ಹುಟ್ಟಿತು. 1992ರ ರಿಯೋ ಸಮ್ಮೇಳನದಲ್ಲಿ ರಾಷ್ಟ್ರಗಳು ಕಾಡಿನ ವಿಷಯದಲ್ಲಿ ಕಟ್ಟುನಿಟ್ಟಿನ ಒಪ್ಪಂದಕ್ಕೆ ಬಾರದೆ ಹೋದವು. ಮರುವರ್ಷವೇ ಪರಿಸರವಾದಿಗಳೂ ಮರದ ವರ್ತಕರೂ ಟೊರಾಂಟೋದಲ್ಲಿ ಸೇರಿ ಫಾರೆಸ್ಟ್ ಸ್ಟೀವರ್ಡ್‌ಷಿಪ್ ಕೌನ್ಸಿಲನ್ನು ಸ್ಥಾಪಿಸಿದರು. ಕಾಡನ್ನು ಹಾಳುಗೆಡವದೆ, ಸ್ಥಳೀಯರ ಹಕ್ಕನ್ನು ಮನ್ನಿಸಿ ಬೆಳೆದ ಮರಕ್ಕೆ ಪ್ರಮಾಣಪತ್ರ. ಸಹಜಾರಣ್ಯವನ್ನು 1994ರ ನವೆಂಬರಿನ ನಂತರ ಕಡಿದು ಬೆಳೆಸಿದ ನೆಡುತೋಪಿಗೆ 2023ರವರೆಗೆ ಅದು ಸಲ್ಲುತ್ತಿರಲಿಲ್ಲ: ಇವು ಅದರ ಮೂಲ ನಿಯಮಗಳು.

ಆದರೆ ಈ ಪ್ರಶ್ನೆಗಳನ್ನು ಅದಕ್ಕೂ ಮೊದಲೇ ಕೇಳಿದವರು ನಮ್ಮ ಹಳ್ಳಿಗರು. 1984ರಲ್ಲಿ ಅರಣ್ಯಾಭಿವೃದ್ಧಿ ನಿಗಮವೂ ಹರಿಹರ ಪಾಲಿಫೈಬರ್ಸ್ ಸಂಸ್ಥೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನು ಕಟ್ಟಿದವು. ಊರೊಟ್ಟಿನ ಭೂಮಿಯಲ್ಲಿ ನೀಲಗಿರಿ ಎದ್ದಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂಬ ಆ ಸತ್ಯಾಗ್ರಹದ ಹಿಂದೆ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವಿತ್ತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1991ರಲ್ಲಿ ಕಂಪನಿ ಮುಚ್ಚಿತು.

ಬೆಂಗಳೂರು ಗ್ರಾಮಾಂತರದ ಕಥೆ ಬೇರೆ. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುಸುಲ್ತಾನನೇ 1790ರ ಸುಮಾರಿಗೆ ನೆರೆಯ ನಂದಿಬೆಟ್ಟಕ್ಕೆ ನೀಲಗಿರಿಯನ್ನು ತರಿಸಿದನೆಂದು ಪ್ರತೀತಿ. ‘ಮೈಸೂರು ಗಮ್’ ಎಂಬ ತಳಿ ಅಲ್ಲಿಂದಲೇ ಹಬ್ಬಿತು. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಕೆಂಪುಮಣ್ಣಿನಲ್ಲಿ ನೀಲಗಿರಿಯನ್ನು ನೆಟ್ಟವರು ಕಂಪನಿಯಲ್ಲ, ಹೊಲದೊಡೆಯರೇ. ದನ ಮೇಯದು, ಕಳೆ ಕೀಳಬೇಕಿಲ್ಲ, ಆಳಿನ ಹಂಗಿಲ್ಲ, ಕಡಿದರೆ ಮತ್ತೆ ಚಿಗುರುತ್ತದೆ. ರಾಗಿಯ ಹೊಲ ಮರದ ಹೊಲವಾಯಿತು.

ಬೆಲೆ ತೆತ್ತದ್ದು ಮಣ್ಣಿನೊಳಗೆ. ಇಯನ್ ಕಾಲ್ಡರ್ ಮತ್ತು ಸಂಗಡಿಗರು ಹೊಸಕೋಟೆಯ ತೋಪಿನಲ್ಲಿ ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೂರು ವರ್ಷಗಳಲ್ಲಿ ಬಿದ್ದ ಮಳೆ ಸುಮಾರು 2100 ಮಿಲಿಮೀಟರ್. ಮರಗಳು ಬಳಸಿದ್ದು ಸುಮಾರು 3400. ಬೇರು ವರ್ಷಕ್ಕೆ ಎರಡೂವರೆ ಮೀಟರಿಗೂ ಮಿಕ್ಕಿ ಇಳಿಯುತ್ತ, ಆಳದ ಮಣ್ಣು ಕೂಡಿಟ್ಟ ತೇವವನ್ನು ಹೀರಿತ್ತು. ಮರ ನೇರವಾಗಿ ಅಂತರ್ಜಲಕ್ಕೆ ಬಾಯಿಟ್ಟಿರಲಾರದು. ಆದರೆ ಹಾಗೆ ಒಣಗಿದ ಮಣ್ಣು ತಣಿದ ಮೇಲಲ್ಲವೆ ಮಳೆನೀರು ಕೆಳಗಿಳಿಯುವುದು! 2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಹಾಗಾದರೆ ಪ್ರಮಾಣಪತ್ರ ವ್ಯರ್ಥವೆ? ಅಲ್ಲ. ಗ್ಯಾಬೊನ್, ಕಾಂಗೋ ದೇಶಗಳಲ್ಲಿ ಪ್ರಮಾಣಪತ್ರ ಪಡೆದ ಗುತ್ತಿಗೆ ಕಾಡುಗಳಲ್ಲಿ, ಪಡೆಯದವುಗಳಿಗಿಂತ ದೊಡ್ಡ ಪ್ರಾಣಿಗಳು ಹೆಚ್ಚಾಗಿ ಕಂಡವೆಂದು 2024ರಲ್ಲಿ ಪ್ರಕಟವಾದ ಕ್ಯಾಮೆರಾ ಸಮೀಕ್ಷೆ ತಿಳಿಸಿತು. ಆದರೂ ಯಾವ ಕಾಡುಗಳಿಗಾಗಿ ಈ ಮುದ್ರೆ ಹುಟ್ಟಿತೋ ಅಲ್ಲಿಗಿಂತ ಯೂರೋಪ್, ಉತ್ತರ ಅಮೆರಿಕಗಳಲ್ಲೇ ಅದು ಹೆಚ್ಚಾಗಿ ನೆಲೆಸಿದೆ. ತಪಾಸಣೆಯ ವೆಚ್ಚ ಸಣ್ಣ ಹಿಡುವಳಿದಾರನಿಗೆ ಎಟಕುವುದು ಕಷ್ಟ.

2023ರ ಡಿಸೆಂಬರಿನಲ್ಲಿ ಭಾರತ ಸರ್ಕಾರವೂ ತನ್ನದೇ ಅರಣ್ಯ ಪ್ರಮಾಣೀಕರಣ ಯೋಜನೆಯನ್ನು ಆರಂಭಿಸಿತು; ಕಾಡಿನ ಹೊರಗೆ, ಹೊಲದಲ್ಲಿ ಬೆಳೆದ ಮರವೂ ಅದರೊಳಗೆ ಸೇರಿದೆ. ಎಂದರೆ ಈ ಮುದ್ರೆ ಇನ್ನು ನಮ್ಮ ಬಯಲುಸೀಮೆಯ ರೈತನ ಬಾಗಿಲಿಗೂ ಬರಬಹುದು. ತಪಾಸಣೆಗಾರ ಒಬ್ಬನ ಹೊಲದ ಬದುವಿನವರೆಗೆ ನೋಡುತ್ತಾನೆ; ನೀರಿಗೆ ಬದುವಿಲ್ಲ. ಒಂದು ಹೊಲದ ನೀಲಗಿರಿ ನಿರಪಾಯವೆನಿಸಬಹುದು. ಕೆರೆಯ ಜಲಾನಯನವೆಲ್ಲ ನೀಲಗಿರಿಯಾದರೆ ಲೆಕ್ಕವೇ ಬೇರೆ. ಕೆರೆಯನ್ನು ಕೇಳಿ ಒತ್ತಿದ ಮುದ್ರೆಗೆ ಮಾತ್ರ ನಮ್ಮ ಸೀಮೆಯಲ್ಲಿ ಬೆಲೆ ಬಂದೀತು.