ಜೆರುಸಲೇಮಿನ ದೊಡ್ಡ ಅಡುಗೆಮನೆ

ಉಪವಾಸಿಗೆ ಇಫ್ತಾರ್ ಮಾಡಿಸಿದವರಿಗೂ ಆ ಉಪವಾಸದಷ್ಟೇ ಪುಣ್ಯ ಎನ್ನುತ್ತದೆ ಹದೀಸ್. ಜೆರುಸಲೇಮಿನಲ್ಲಿ ಆ ನಂಬಿಕೆಗೆ ಹಂಡೆ, ಒಲೆಗಳೂ ಒದಗಿದವು.

ಆಟೊಮನ್ ಸುಲ್ತಾನ ಸುಲೈಮಾನನ ಪತ್ನಿ ಹುರ್ರೆಮ್ 1550ರ ದಶಕದಲ್ಲಿ ಅಲ್ಲಿ ಅನ್ನಛತ್ರ ತೆರೆಸಿದಳು. ಕಟ್ಟಡವಷ್ಟೇ ಸಾಲದೆಂದು ರಮ್ಲಾ ಪಟ್ಟಣದ ಸುತ್ತಲಿನ ಹಳ್ಳಿಗಳ ಕಂದಾಯವನ್ನೂ ಅದಕ್ಕೆ ವಕ್ಫ್ (ಧಾರ್ಮಿಕ ದತ್ತಿ) ಮಾಡಿದಳು. ಛತ್ರ ಶತಮಾನಗಳ ಕಾಲ ಬಾಳಿದ್ದು ಈ ಮುಂದಾಲೋಚನೆಯಿಂದಲೇ. 400 ಬಡವರಿಗೆ ದಿನಕ್ಕೆರಡು ಹೊತ್ತು ರೊಟ್ಟಿ. ಜೊತೆಗೆ ಬೆಳಿಗ್ಗೆ ಅಕ್ಕಿಗಂಜಿ, ಸಂಜೆ ಗೋಧಿನುಚ್ಚಿನ ಗಂಜಿ. ಶುಕ್ರವಾರ ಮತ್ತು ರಂಜಾನಿನ ರಾತ್ರಿಗಳಲ್ಲಿ ಕುರಿಮಾಂಸದ ಅನ್ನ, ಜೇನು-ಕೇಸರಿ ಬೆರೆಸಿದ ಸಿಹಿಯನ್ನ. ಬಡವರಿಗೂ ಹಬ್ಬದೂಟ ಸಲ್ಲಬೇಕೆಂದು ದಾನಪತ್ರದಲ್ಲೇ ಬರೆಸಿದ್ದು ದೊಡ್ಡ ಮಾತು.

ಹಳೆಯ ನಗರದ ಓಣಿಯಲ್ಲಿರುವ ಆ ಛತ್ರಕ್ಕೆ ಈಗ ಖಾಸ್ಕಿ ಸುಲ್ತಾನ್ ತಕಿಯಾ ಎಂದು ಹೆಸರು. ರಂಜಾನ್ ಬಂದರೆ ಬಡ ಕುಟುಂಬಗಳು ಈಗಲೂ ಅಲ್ಲಿಗೆ ಪಾತ್ರೆ ಹಿಡಿದು ಬರುತ್ತವೆ.